ಕೆರಿಬಿಯನ್ ಕ್ರೂಸ್: ಐಕಾನ್ ಆಫ್ ದಿ ಸೀಸ್ ಹತ್ತೋದಾ, ಸೆಲೆಬ್ರಿಟಿ ಬಿಯಾಂಡ್ ಹತ್ತೋದಾ?

ಉಪ್ಪುಗಾಳಿ:

ಎಲ್ಲರಿಗೂ ನಮಸ್ಕಾರ. ಫ್ಲಾರಿಡಾದಿಂದ ಹೊರಡುವ ಏಳು ರಾತ್ರಿಯ ಎರಡು ಪ್ರಯಾಣ ಹಿಡಿದುಕೊಂಡು ಕೂತಿದ್ದೇವೆ. ಈ ವಾರದೊಳಗೆ ಒಂದನ್ನು ಬುಕ್ ಮಾಡಬೇಕು.

ಹೋಗುವವರು ಆರು ಜನ. ಅಪ್ಪನಿಗೆ 74, ಅಮ್ಮನಿಗೆ 70, ನಾವಿಬ್ಬರು, ಮಕ್ಕಳಿಗೆ 12 ಮತ್ತು 7. ಅಮ್ಮನಿಗೆ ಮಂಡಿನೋವು. ಒಂದೇ ಸಮನೆ ಹತ್ತು ನಿಮಿಷಕ್ಕಿಂತ ಹೆಚ್ಚು ನಡೆಯೋದು ಕಷ್ಟ, ಮೆಟ್ಟಿಲು ಇನ್ನೂ ಕಷ್ಟ. ಮಕ್ಕಳಿಗೆ ನೀರಿನಾಟ ಬೇಕೇ ಬೇಕು.

ಮೊದಲನೆಯದು ರಾಯಲ್ ಕೆರಿಬಿಯನ್‌ನವರ ಐಕಾನ್ ಆಫ್ ದಿ ಸೀಸ್. ಮಯಾಮಿಯಿಂದ ಪೂರ್ವದ ದಾರಿ: ಸೇಂಟ್ ಮಾರ್ಟನ್, ಸೇಂಟ್ ಥಾಮಸ್, ಕೊನೆಗೆ ರಾಯಲ್‌ನವರದೇ ದ್ವೀಪ ಕೋಕೋಕೇ. ಎರಡನೆಯದು ಸೆಲೆಬ್ರಿಟಿ ಕಂಪನಿಯವರ ಸೆಲೆಬ್ರಿಟಿ ಬಿಯಾಂಡ್. ಫೋರ್ಟ್ ಲಾಡರ್‌ಡೇಲ್‌ನಿಂದ ಪಶ್ಚಿಮದ ದಾರಿ: ಬೆಲೀಜ್ ಸಿಟಿ, ಕೊಸುಮೆಲ್, ಗ್ರ್ಯಾಂಡ್ ಕೇಮನ್. ಎರಡರಲ್ಲೂ ಮೂರು ದಿನ ಪೂರ್ತಿ ಕಡಲಲ್ಲೇ. ದಿನಾಂಕ ಜನವರಿ ಎರಡನೇ ವಾರ ಅಥವಾ ಮಾರ್ಚ್ ಕೊನೆಯ ವಾರ.

ಐಕಾನ್ ವಿಪರೀತ ಗಿಜಿಗಿಜಿ ಅಂತಾರೆ, ನಿಜವೇ? ಹಿರಿಯರಿಗೆ ಯಾವುದು ಸಲೀಸು? ಟಿಕೆಟ್ ಬಿಟ್ಟು ಮೇಲೆ ಎಷ್ಟು ಖರ್ಚು ಬರುತ್ತೆ? ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ.


ಡೆಕ್‌ನಕ್ಷೆ:

ಮೊದಲು ಜನಸಂದಣಿಯ ಮಾತು, ಯಾಕಂದ್ರೆ ಹೆಚ್ಚಿನವರು ಲೆಕ್ಕ ತಪ್ಪೋದು ಇಲ್ಲೇ. ಐಕಾನ್ 2,48,663 ಗ್ರಾಸ್ ಟನ್, ಬಿಯಾಂಡ್ ಸುಮಾರು 1,40,600. ಗ್ರಾಸ್ ಟನ್ ಅಂದ್ರೆ ತೂಕ ಅಲ್ಲ, ಹಡಗಿನ ಒಳಗಿನ ಜಾಗದ ಅಳತೆ. ಒಂದು ರೂಮಿಗೆ ಇಬ್ಬರಂತೆ ತುಂಬಿದರೆ ಐಕಾನ್‌ನಲ್ಲಿ 5,610 ಜನ, ಬಿಯಾಂಡ್‌ನಲ್ಲಿ ಸುಮಾರು 3,260. ಭಾಗಿಸಿ ನೋಡಿ: ಐಕಾನ್‌ನಲ್ಲಿ ತಲೆಗೆ 44, ಬಿಯಾಂಡ್‌ನಲ್ಲಿ 43. ಹೆಚ್ಚುಕಮ್ಮಿ ಒಂದೇ.

ಆದರೆ ಐಕಾನ್ ಮನೆಮಂದಿಗೆ ಅಂತಲೇ ಕಟ್ಟಿದ ಹಡಗು. ಮೂರನೇ, ನಾಲ್ಕನೇ ಹಾಸಿಗೆಯೂ ತುಂಬಿದರೆ ಅದರಲ್ಲಿ 7,600 ಜನ ಹಿಡಿಯುತ್ತಾರೆ. ಆಗ ತಲೆಗೆ 33ರ ಆಸುಪಾಸಿಗೆ ಇಳಿಯುತ್ತೆ. ಈ ಮೂರನೇ, ನಾಲ್ಕನೇ ಹಾಸಿಗೆ ತುಂಬೋದು ಯಾವಾಗ? ಅಮೆರಿಕದ ಶಾಲೆಗಳಿಗೆ ರಜೆ ಇದ್ದಾಗ. ಮಾರ್ಚ್ ಕೊನೆ ಅಂದ್ರೆ ಅಲ್ಲಿ ಸ್ಪ್ರಿಂಗ್ ಬ್ರೇಕ್‌ನ ನಡುಮಧ್ಯ. ಜನವರಿ ಎರಡನೇ ವಾರಕ್ಕೆ ಹೊಸ ವರ್ಷದ ರಜೆ ಮುಗಿದು ಶಾಲೆ ಶುರುವಾಗಿರುತ್ತೆ. ಅದೇ ಐಕಾನ್, ಈ ಎರಡು ವಾರಗಳಲ್ಲಿ ಎರಡು ಬೇರೆ ಹಡಗು ಇದ್ದಂಗೆ. ಬಿಯಾಂಡ್‌ನಲ್ಲಿ ಹೆಚ್ಚಿನ ರೂಮುಗಳಲ್ಲಿ ದಂಪತಿಗಳೇ ಇರೋದರಿಂದ ವಾರ ಬದಲಾದರೂ ಅಷ್ಟು ವ್ಯತ್ಯಾಸ ಕಾಣಲ್ಲ. ಹಾಗಾಗಿ ಗಿಜಿಗಿಜಿಯ ಭಯ ಇದ್ದರೆ ಹಡಗಿಗಿಂತ ಮೊದಲು ದಿನಾಂಕ ತೀರ್ಮಾನ ಮಾಡಿ.

ಮಕ್ಕಳ ವಿಷಯದಲ್ಲಿ ಹೋಲಿಕೆಯೇ ಇಲ್ಲ. ಐಕಾನ್‌ನಲ್ಲಿ ಆರು ನೀರಿನ ಜಾರುಬಂಡಿ, ಏಳು ಪೂಲ್, ಅಲೆ ಸವಾರಿಯ ಫ್ಲೋರೈಡರ್, ಚಿಕ್ಕ ಮಕ್ಕಳಿಗೆ ಅಂತಲೇ 7ನೇ ಡೆಕ್ಕಿನ ಹಿಂಭಾಗದಲ್ಲಿ ಸರ್ಫ್‌ಸೈಡ್. ಬಿಯಾಂಡ್‌ನಲ್ಲಿ ಜಾರುಬಂಡಿ ಒಂದೂ ಇಲ್ಲ. ಹೊರಗಡೆ ಒಂದು ದೊಡ್ಡ ಪೂಲ್ ಇದೆ. ಗಾಜಿನ ಚಾವಣಿಯ ಸೋಲೇರಿಯಂ ಪೂಲಿಗೆ ಮಕ್ಕಳನ್ನ ಬಿಡಲ್ಲ. ಮೂರು ದಿನ ಕಡಲಲ್ಲೇ ಇರುವಾಗ 7 ವರ್ಷದ ಮಗು ಎರಡನೇ ದಿನ ಮಧ್ಯಾಹ್ನಕ್ಕೇ ಸುಸ್ತು ಹೊಡೆಸುತ್ತೆ.

ಒಂದು ಮಾತು, ಚಿಕ್ಕವರ ಎತ್ತರ ಈಗಲೇ ಅಳೆದುಕೊಳ್ಳಿ. ಜಾರುಬಂಡಿಗಳ ಮಿತಿ 42ರಿಂದ 48 ಇಂಚಿನ ನಡುವೆ. ಫ್ಲೋರೈಡರ್‌ನಲ್ಲಿ ಮಲಗಿ ಸವಾರಿ ಮಾಡೋಕೆ 52 ಇಂಚು, ನಿಂತು ಮಾಡೋಕೆ 58. ಕಡ್ಡಿ ಇಟ್ಟು ಅಳೀತಾರೆ, ಅರ್ಧ ಇಂಚು ಕಮ್ಮಿ ಇದ್ದರೂ ಬಿಡಲ್ಲ. ಇನ್ನು ದೊಡ್ಡ ಮಗುವಿಗೆ 12 ಅಲ್ವಾ, ಎರಡೂ ಹಡಗಿನಲ್ಲಿ ಹದಿಹರೆಯದವರ ಕ್ಲಬ್ಬಿಗೆ 13 ತುಂಬಿರಬೇಕು. 12 ಅಂದ್ರೆ ಮಕ್ಕಳ ಕ್ಲಬ್ಬೇ. ಇದನ್ನ ಹತ್ತೋ ಮುಂಚೆಯೇ ಹೇಳಿಟ್ಟರೆ ಒಳ್ಳೇದು, ಆ ವಯಸ್ಸಿನವರಿಗೆ ಇದು ದೊಡ್ಡ ಅವಮಾನ.

ನನ್ನ ಓಟು: ಜನವರಿಯ ಐಕಾನ್.


ಲಂಗರು:

ಡೆಕ್‌ನಕ್ಷೆಯವರು ಹಡಗನ್ನ ಅಳೆದರು, ನಾನು ಬಂದರನ್ನ ಅಳೀತೀನಿ. ಅಮ್ಮನವರ ಮಂಡಿಗೆ ಸಂಬಂಧಪಟ್ಟ ಮುಖ್ಯ ವಿಷಯ ಇರೋದು ಇಲ್ಲಿ.

ಪಶ್ಚಿಮದ ದಾರಿಯ ಮೂರರಲ್ಲಿ ಎರಡು ಟೆಂಡರ್ ಬಂದರು. ಅಂದರೆ ಹಡಗು ದಡಕ್ಕೆ ಬರಲ್ಲ, ಆಳದ ನೀರಲ್ಲಿ ನಿಲ್ಲುತ್ತೆ, ಅಲ್ಲಿಂದ ಚಿಕ್ಕ ದೋಣಿಯಲ್ಲಿ ದಡ ಸೇರಬೇಕು. ಬೆಲೀಜ್ ಸಿಟಿಯ ಮುಂದಿನ ಸಮುದ್ರ ಆಳವಿಲ್ಲ, ಹಡಗು ಮೈಲಿಗಟ್ಟಲೆ ಆಚೆ ನಿಲ್ಲಬೇಕು. ದೋಣಿಯ ದಾರಿಯೇ ಒಂದು ಕಡೆಗೆ ಇಪ್ಪತ್ತು ನಿಮಿಷದ ಹತ್ತಿರ. ಗ್ರ್ಯಾಂಡ್ ಕೇಮನ್‌ನ ಜಾರ್ಜ್ ಟೌನ್‌ನಲ್ಲಿ ದಾರಿ ಚಿಕ್ಕದು, ಆದರೆ ಕ್ರೂಸ್ ಹಡಗಿಗೆ ಜೆಟ್ಟಿಯೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಜನಮತ ಕೇಳಿದಾಗಲೂ ಅಲ್ಲಿನವರು ಜೆಟ್ಟಿ ಬೇಡ ಅಂದರು. ಹಾಗಾಗಿ ಇದು ಸದ್ಯಕ್ಕೆ ಬದಲಾಗೋ ಮಾತಲ್ಲ. ಐಕಾನ್‌ನಂಥ ಹಡಗುಗಳನ್ನ ಗ್ರ್ಯಾಂಡ್ ಕೇಮನ್‌ಗೆ ಕಳಿಸದೆ ಇರೋಕೂ ಇದೇ ಕಾರಣ: ಐದಾರು ಸಾವಿರ ಜನರನ್ನ ದೋಣಿಯಲ್ಲಿ ಇಳಿಸಿ ಹತ್ತಿಸೋದರಲ್ಲೇ ದಿನ ಮುಗಿದುಹೋಗುತ್ತೆ. ಅವು ಜೆಟ್ಟಿ ಇರೋ ಕಡೆ ಮಾತ್ರ ಹೋಗ್ತವೆ.

ದೋಣಿ ಹತ್ತೋದರಲ್ಲಿ ಕಷ್ಟ ಏನು ಅಂದ್ರೆ, ಹಡಗಿನ ಕಟ್ಟೆ ಅಲುಗಾಡಲ್ಲ, ದೋಣಿ ಅಲುಗಾಡುತ್ತೆ. ಅಲೆ ಇದ್ದ ದಿನ ಒಂದಡಿ ಮೇಲೆ, ಒಂದಡಿ ಕೆಳಗೆ. ಸಿಬ್ಬಂದಿ ಎರಡೂ ಕಡೆ ರಟ್ಟೆ ಹಿಡಿದು, ದೋಣಿ ಮಟ್ಟಕ್ಕೆ ಬಂದಾಗ 'ಈಗ ಹೆಜ್ಜೆ ಇಡಿ' ಅಂತಾರೆ. ಆ ಒಂದು ಹೆಜ್ಜೆಯನ್ನ ಮಂಡಿ ನಂಬಿಕೊಂಡು ಇಡಬೇಕು. ಬಿಯಾಂಡ್‌ನಲ್ಲಿ ಮ್ಯಾಜಿಕ್ ಕಾರ್ಪೆಟ್ ಅಂತ ಹಡಗಿನ ಹೊರಮೈಗೆ ತೂಗುಬಿಟ್ಟ ಕಟ್ಟೆ ಇದೆ. ಟೆಂಡರ್ ದಿನ ಅದು 2ನೇ ಡೆಕ್ಕಿಗೆ ಇಳಿದು ಅಗಲವಾದ ಅಂಗಳವಾಗುತ್ತೆ, ಹತ್ತೋದು ಹಳೆಯ ಹಡಗುಗಳಿಗಿಂತ ಸಲೀಸು. ಆದರೂ ಕೊನೆಯ ಹೆಜ್ಜೆ ಅದೇ. ಗಾಲಿಕುರ್ಚಿಯಲ್ಲಿ ಕೂತೇ ದಾಟೋದಕ್ಕೆ ಅಲೆ ನೋಡಿ ಅನುಮತಿ ಕೊಡ್ತಾರೆ, ಭಾರದ ಬ್ಯಾಟರಿ ಸ್ಕೂಟರ್ ಇದ್ದರೆ ಬಹುತೇಕ ಇಲ್ಲ ಅಂತಾರೆ.

ಜೆಟ್ಟಿ ಇರುವ ಬಂದರಿಗೂ ಅದರದೇ ತೊಂದರೆ ಇದೆ. ಕೋಕೋಕೇ ಬಹಾಮಾಸ್‌ನ ಬೆರಿ ದ್ವೀಪಗಳಲ್ಲಿದೆ. ಅಲ್ಲಿನ ಜೆಟ್ಟಿಗೆ ಗಾಳಿ ಅಡ್ಡ ಬೀಸಿದರೆ ಇಷ್ಟೆತ್ತರದ ಹಡಗನ್ನ ಒತ್ತಿ ನಿಲ್ಲಿಸೋಕೆ ಆಗಲ್ಲ. ಜನವರಿ, ಫೆಬ್ರವರಿಯಲ್ಲಿ ಉತ್ತರ ಅಮೆರಿಕದಿಂದ ಶೀತಗಾಳಿಯ ಅಲೆಗಳು ಇಳಿದು ಬರುವಾಗ ಹೀಗಾಗುತ್ತೆ. ಬೆಳಗ್ಗೆ ಕ್ಯಾಪ್ಟನ್ ಘೋಷಣೆ ಮಾಡಿ ಆ ದಿನವನ್ನೂ ಕಡಲಲ್ಲೇ ಕಳೆಯೋ ದಿನ ಮಾಡಿಬಿಡ್ತಾರೆ. ಟಿಕೆಟ್ ಕರಾರಿನ ಪ್ರಕಾರ ಬಂದರು ಬಿಟ್ಟರೆ ನಿಮಗೆ ವಾಪಸ್ ಬರೋದು ಆ ಬಂದರಿನ ತೆರಿಗೆ, ಶುಲ್ಕ ಮಾತ್ರ. ಅದೂ ಅಲ್ಲದೆ ಕೋಕೋಕೇ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರಕ್ಕಿದೆ, ಜನವರಿಯಲ್ಲಿ ಸಮುದ್ರದ ನೀರು 23-24 ಡಿಗ್ರಿ ಅಷ್ಟೆ. ಸೇಂಟ್ ಮಾರ್ಟನ್, ಸೇಂಟ್ ಥಾಮಸ್ 18ನೇ ಅಕ್ಷಾಂಶದಲ್ಲಿವೆ, ಅಲ್ಲಿ ಅದೇ ತಿಂಗಳು 26-27 ಇರುತ್ತೆ. ಮಕ್ಕಳ ಈಜಿಗೆ ಆ ಎರಡು ದಿನವನ್ನೇ ನಂಬಿ.

ಹಿರಿಯರಿಗೆ ಪೂರ್ವದ ದಾರಿ ಸುಲಭ. ಸೇಂಟ್ ಮಾರ್ಟನ್‌ನ ಜೆಟ್ಟಿಯಿಂದ ಫಿಲಿಪ್ಸ್‌ಬರ್ಗ್ ಊರಿಗೆ ನೀರು ಟ್ಯಾಕ್ಸಿ ಇದೆ. ಇಳಿದರೆ ಸಮತಟ್ಟಾದ ಕಡಲದಂಡೆಯ ಕಾಲುದಾರಿ, ಪಕ್ಕದಲ್ಲೇ ಬಾಡಿಗೆಗೆ ಕುರ್ಚಿ, ಕೊಡೆ. ಸೇಂಟ್ ಥಾಮಸ್‌ನಲ್ಲಿ ಟ್ಯಾಕ್ಸಿ ದರ ಗಾಡಿಗಲ್ಲ, ತಲೆಗೆ ಇಷ್ಟು ಅಂತ. ಹತ್ತೋ ಮುಂಚೆ ಆರು ಜನಕ್ಕೂ ಸೇರಿಸಿ ಕೇಳಿ. ಮೇಗನ್ಸ್ ಬೇ ಬೀಚಿಗೆ ಹೋಗೋ ಗಾಡಿಗಳು ಹೆಚ್ಚಾಗಿ ಪಕ್ಕ ತೆರೆದ ಸಫಾರಿ ಟ್ರಕ್ಕು, ಹತ್ತೋ ಮೆಟ್ಟಿಲು ಎತ್ತರ. ವ್ಯಾನ್ ಬೇಕು ಅಂತ ಹೇಳಿದರೆ ಕೊಡ್ತಾರೆ. ಕೋಕೋಕೇಯಲ್ಲಿ ಜೆಟ್ಟಿ ಉದ್ದ ಇದ್ದರೂ ದ್ವೀಪದ ಒಳಗೆ ಓಡಾಡೋಕೆ ಉಚಿತ ಟ್ರಾಮ್ ಇದೆ. ಮರಳಿನ ಮೇಲೆ ಉರುಳುವ ದೊಡ್ಡ ಚಕ್ರದ ಕುರ್ಚಿಯೂ ಪುಕ್ಕಟೆ, ಆದರೆ ಸಂಖ್ಯೆ ಕಮ್ಮಿ. ಮೊದಲು ಬಂದವರಿಗೆ ಸಿಗೋದು.


ಸಂಜೆಬಿಸಿಲು:

ಇಬ್ಬರೂ ಐಕಾನ್ ಕಡೆ ವಾಲಿದ್ದೀರಿ. ಬಿಯಾಂಡ್ ಪರವಾಗಿ ನಾನು ಮಾತಾಡ್ತೀನಿ. ಆರು ಜನರಲ್ಲಿ ನಾಲ್ವರು ದೊಡ್ಡವರು, ಅದನ್ನ ಮರೀಬೇಡಿ.

ಐಕಾನ್ ಸುಮಾರು 365 ಮೀಟರ್ ಉದ್ದ, ಬಿಯಾಂಡ್ 327. ಕೇಳೋಕೆ ದೊಡ್ಡ ವ್ಯತ್ಯಾಸ ಅಲ್ಲ, ಆದರೆ ಐಕಾನ್‌ನಲ್ಲಿ ಶೋ ನಡೆಯುವ ಅಕ್ವಾಡೋಮ್ ಹಡಗಿನ ಮೂತಿಯ ಮೇಲ್ತುದಿಯಲ್ಲಿದೆ, ಸರ್ಫ್‌ಸೈಡ್ ಹಿಂಭಾಗದ ಕೆಳ ಡೆಕ್ಕಿನಲ್ಲಿದೆ. ಮೊಮ್ಮಗು ಆಡೋದನ್ನ ನೋಡಿ ಅಲ್ಲಿಂದ ಶೋ ನೋಡೋಕೆ ಹೋಗೋದು ಅಂದ್ರೆ ಹಡಗಿನ ಪೂರ್ತಿ ಉದ್ದ ನಡೆಯಬೇಕು. ದಿನಕ್ಕೆ ಎರಡು ಸಲ ಹೀಗೆ ಮಾಡಿದರೆ ಅಮ್ಮನವರ ಮಂಡಿ ಮೂರನೇ ದಿನಕ್ಕೆ ಕೈಕೊಡುತ್ತೆ. ಬಿಯಾಂಡ್‌ನಲ್ಲಿ ಗ್ರ್ಯಾಂಡ್ ಪ್ಲಾಜಾ ನಡುವಲ್ಲಿದೆ, 3ರಿಂದ 5ನೇ ಡೆಕ್ಕಿನವರೆಗೆ. ಸಂಜೆಯ ಬಹುತೇಕ ಓಡಾಟ ಅದರ ಸುತ್ತಲೇ ಮುಗಿಯುತ್ತೆ. ಟಿಕೆಟ್‌ನಲ್ಲೇ ಸೇರಿದ ಊಟದ ಮನೆಗಳು ನಾಲ್ಕಿವೆ: ನಾರ್ಮಂಡಿ, ಕಾಸ್ಮೊಪಾಲಿಟನ್, ಟಸ್ಕನ್, ಸೈಪ್ರಸ್. ಒಂದೇ ಮಹಾಸಭಾಂಗಣದಲ್ಲಿ ಮೂರು ಅಂತಸ್ತು ಗದ್ದಲ ಕೇಳಿಸಿಕೊಂಡು ತಿನ್ನೋ ಹಾಗಿಲ್ಲ. ಕಿವಿ ಮಂದ ಇರೋ ಹಿರಿಯರಿಗೆ ಇದು ದೊಡ್ಡ ಸುಖ.

ಇನ್ನೊಂದು ವಿಷಯ ಬುಕ್ ಮಾಡುವವರಿಗೆ ಗೊತ್ತಿರಲ್ಲ. ರಾಯಲ್‌ನ ಉಳಿದ ದೊಡ್ಡ ಹಡಗುಗಳಲ್ಲಿ ದೊಡ್ಡವರಿಗೆ ಮಾತ್ರ ಅಂತ ನೆಮ್ಮದಿಯ ಸೋಲೇರಿಯಂ ಇರುತ್ತೆ, ಐಕಾನ್‌ನಲ್ಲಿ ಅದಿಲ್ಲ. ಬದಲಿಗೆ ಹೈಡ್‌ಅವೇ ಇದೆ, ಅಲ್ಲಿ ಡಿಜೆ ಹಾಡು. ಸ್ವಲ್ಪ ಸುಮ್ಮನಿರೋ ಜಾಗ ಬೇಕಂದ್ರೆ ಕ್ಲೌಡ್ 17, ಅದು ಚಿಕ್ಕದು.

ಬಿಯಾಂಡ್‌ನ ಕೊರತೆಯನ್ನೂ ಹೇಳಬೇಕು. ಅಲ್ಲಿನ ಬಹುಪಾಲು ಬಾಲ್ಕನಿ ರೂಮುಗಳು ಇನ್‌ಫಿನಿಟ್ ವೆರಾಂಡಾ. ಹೊರಗೆ ಚಾಚಿದ ಬಾಲ್ಕನಿ ಅಲ್ಲ. ರೂಮಿನ ತುದಿಯ ಗಾಜಿನ ಮೇಲರ್ಧ ಗುಂಡಿ ಒತ್ತಿದರೆ ಕೆಳಗಿಳಿಯುತ್ತೆ. ಗಾಜು ಇಳಿಸಿ ಒಳಗಿನ ಮಡಚುವ ಬಾಗಿಲನ್ನೂ ತೆಗೆದಿಟ್ಟರೆ ಎಸಿ ನಿಂತುಹೋಗುತ್ತೆ. ಕೆರಿಬಿಯನ್ ಸೆಕೆಗೆ ಹತ್ತು ನಿಮಿಷದಲ್ಲಿ ಇಡೀ ರೂಮು ಬೆವರುತ್ತೆ. ಗಾಳಿ ಜೋರಾದಾಗ ಹಡಗು ನಡೆಸೋ ಕ್ಯಾಪ್ಟನ್ ಕೊಠಡಿಯಿಂದಲೇ ಗಾಜುಗಳನ್ನ ಲಾಕ್ ಮಾಡ್ತಾರೆ. ಹೊರಗೆ ಕೂತು ಕಡಲು ನೋಡೋದೇ ಅಪ್ಪನ ಆಸೆ ಆಗಿದ್ದರೆ ಹಳೆಯ ಮಾದರಿಯ ಬಾಲ್ಕನಿ ಇರುವ ರೂಮನ್ನೇ ಹುಡುಕಿ, ಕೆಲವು ಮಾತ್ರ ಇವೆ. ಐಕಾನ್‌ನಲ್ಲೂ ಕೆಲವು ವರ್ಗಗಳಿಗೆ ಇದೇ ಇನ್‌ಫಿನಿಟ್ ಮಾದರಿ ಬಂದಿದೆ, ಹೆಸರು ನೋಡಿಕೊಂಡು ಒತ್ತಿ.


ಡೆಕ್‌ನಕ್ಷೆ:

ನಡಿಗೆಯ ಮಾತು ಒಪ್ಪಿದೆ. ಆದರೆ ಅದಕ್ಕೆ ಪರಿಹಾರ ರೂಮಿನ ಜಾಗದಲ್ಲಿದೆ, ಹಡಗು ಬದಲಾಯಿಸಬೇಕಿಲ್ಲ. ಅಕ್ವಾಡೋಮ್ ಹಗಲು ಹೊತ್ತು ಬರೀ ಕೂರೋ ಜಾಗ: ಗಾಜಿನ ಗುಮ್ಮಟ, ಮೆತ್ತೆ ಕುರ್ಚಿ, ಎದುರಿಗೆ ಕಡಲು, ಅಲ್ಲೇ ಉಚಿತ ಊಟದ ಅಂಗಡಿಗಳ ಸಾಲು. ಹಿರಿಯರು ಬೆಳಗ್ಗೆ ಹೋಗಿ ಮಧ್ಯಾಹ್ನದವರೆಗೂ ಕೂರಬಹುದು.


ಉಪ್ಪುಗಾಳಿ:

ಎಲ್ಲರಿಗೂ ತುಂಬಾ ಧನ್ಯವಾದ. ಟೆಂಡರ್ ವಿಷಯ ನಮಗೆ ಗೊತ್ತೇ ಇರಲಿಲ್ಲ. ಅಮ್ಮನನ್ನ ಆ ಹೆಜ್ಜೆ ಇಡಿಸೋ ಧೈರ್ಯ ಇಲ್ಲ, ಹಾಗಾಗಿ ಮನಸ್ಸು ಜನವರಿಯ ಐಕಾನ್ ಕಡೆ ಹೋಗಿದೆ. ಈಗ ಎರಡು ಪ್ರಶ್ನೆ. ಆರು ಜನಕ್ಕೆ ರೂಮು ಹೇಗೆ ಹಂಚೋದು, ಯಾವ ಜಾಗದ್ದು ತಗೊಳ್ಳೋದು? ಮತ್ತೆ ಜನವರಿಯಲ್ಲಿ ಗಾಳಿ ಅಂದಿರಿ, ಅಪ್ಪನಿಗೆ ಬಸ್ಸಿನಲ್ಲೂ ವಾಂತಿ ಬರುತ್ತೆ. ಏನು ಮಾಡೋದು?


ಡೆಕ್‌ನಕ್ಷೆ:

ರೂಮಿನ ಹಂಚಿಕೆ: ಎರಡು ರೂಮು, ನಡುವೆ ಬಾಗಿಲಿರುವ ಕನೆಕ್ಟಿಂಗ್ ಜೋಡಿ. ನಾಲ್ಕು-ಎರಡು ಮಾಡೋದಕ್ಕಿಂತ ಮೂರು-ಮೂರು ಮಾಡಿ. ಅಜ್ಜಿ-ತಾತನ ಜೊತೆ ಒಂದು ಮಗು, ನಿಮ್ಮ ಜೊತೆ ಇನ್ನೊಂದು. ಕಾರಣ ಬಾತ್‌ರೂಮು. ಒಂದೊಂದು ರೂಮಿಗೆ ಒಂದೇ ಇರೋದು, ಬಂದರಿನ ದಿನ ಬೆಳಗ್ಗೆ ನಾಲ್ಕು ಜನ ಒಂದಕ್ಕೆ ಕಾಯೋದು ಬೇಡ. ಸೋಫಾ ಹಾಸಿಗೆ ಯಾರಿಗೆ ಅಂತ ಮೊದಲೇ ತೀರ್ಮಾನ ಮಾಡಿ, ಅದನ್ನ ಬಿಚ್ಚಿದ ಮೇಲೆ ಬಾಲ್ಕನಿ ಬಾಗಿಲಿಗೆ ಹೋಗೋ ದಾರಿ ಕಿರಿದಾಗುತ್ತೆ. ರಾತ್ರಿ ಎದ್ದು ಓಡಾಡುವ ಹಿರಿಯರ ರೂಮಿನಲ್ಲಿ ಇದು ಎಡವೋ ಜಾಗ.

ಜಾಗ ಆರಿಸುವಾಗ ಡೆಕ್ ನಕ್ಷೆ ತೆಗೆದು ನಿಮ್ಮ ರೂಮಿನ ನೇರ ಮೇಲಿನ ಡೆಕ್, ನೇರ ಕೆಳಗಿನ ಡೆಕ್ ಎರಡನ್ನೂ ನೋಡಿ. ಮೇಲೂ ಕೆಳಗೂ ರೂಮುಗಳೇ ಇದ್ದರೆ ಸರಿ. ಮೇಲೆ ಪೂಲ್ ಡೆಕ್ ಅಥವಾ ಬಫೆ ಇದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯೋ ಸದ್ದು ಶುರುವಾಗುತ್ತೆ. ನಕ್ಷೆಯಲ್ಲಿ ಏನೂ ಬರೆಯದ ಬಿಳೀ ಜಾಗ ಕಂಡರೂ ಹುಷಾರು, ಅದು ಅಡುಗೆಮನೆಯೋ ಸಾಮಾನಿನ ಲಿಫ್ಟೋ ಆಗಿರುತ್ತೆ. ಅಮ್ಮನವರಿಗಾಗಿ ನಡುವಿನ ಲಿಫ್ಟ್ ಗುಂಪಿನಿಂದ ಆರೇಳು ಬಾಗಿಲ ಒಳಗೆ, ಆದರೆ ಲಿಫ್ಟ್ ಅಂಗಳಕ್ಕೆ ಅಂಟಿಕೊಂಡ ರೂಮು ಬೇಡ. ಐಕಾನ್‌ನ ಲಿಫ್ಟ್‌ನಲ್ಲಿ ಡೆಕ್ಕಿನ ಸಂಖ್ಯೆಯನ್ನ ಹೊರಗಿನ ಪರದೆಯಲ್ಲೇ ಒತ್ತಬೇಕು, ಯಾವ ಲಿಫ್ಟ್ ಹತ್ತಬೇಕು ಅಂತ ಅದು ಅಕ್ಷರ ತೋರಿಸುತ್ತೆ. ಒಳಗೆ ಹೋಗಿ ಗುಂಡಿ ಹುಡುಕಿದರೆ ಸಿಗಲ್ಲ. ಹಿರಿಯರಿಗೆ ಮೊದಲ ದಿನವೇ ಎರಡು ಸಲ ಮಾಡಿ ತೋರಿಸಿ.

ಹಡಗಿನ ನಡುವಿನ ತೆರೆದ ತೋಟ ಸೆಂಟ್ರಲ್ ಪಾರ್ಕ್, ಅದರ ಕಡೆಯ ಬಾಲ್ಕನಿ ಸ್ವಲ್ಪ ಅಗ್ಗ, ನಿಜವಾದ ಗಿಡಮರ ಕಾಣುತ್ತೆ, ಗಾಳಿ ಹೊಡೆಯಲ್ಲ. ಆದರೆ ಕಡಲು ಕಾಣಲ್ಲ, ಎದುರು ಸಾಲಿನವರಿಗೆ ನಿಮ್ಮ ರೂಮು ಕಾಣುತ್ತೆ, ಪರದೆ ಎಳೆದೇ ಇರಬೇಕು. ಸರ್ಫ್‌ಸೈಡ್ ಕಡೆಯದು ಚಿಕ್ಕ ಮಕ್ಕಳಿಗೆ ಹಬ್ಬ, ಮಧ್ಯಾಹ್ನ ನಿದ್ದೆ ಮಾಡುವ ಹಿರಿಯರಿಗೆ ಶಿಕ್ಷೆ. ನಿಮಗೆ ನಾನು ಹೇಳೋದು ಕಡಲ ಕಡೆಯ ಸಾದಾ ಬಾಲ್ಕನಿ, ಹಡಗಿನ ನಡುಭಾಗ. ಗ್ಯಾರಂಟಿ ದರ ಅಂತ ಅಗ್ಗಕ್ಕೆ ಬರುತ್ತೆ, ಅದನ್ನ ಮಾತ್ರ ಮುಟ್ಟಬೇಡಿ. ಅದರಲ್ಲಿ ರೂಮಿನ ಜಾಗ ಕಂಪನಿಯೇ ಕೊಡೋದು. ಕನೆಕ್ಟಿಂಗ್ ಸಿಗೋದಂತೂ ದೂರ, ಎರಡು ರೂಮು ಎರಡು ತುದಿಗೆ ಬಿದ್ದರೂ ಕೇಳೋಹಾಗಿಲ್ಲ.


ಲಂಗರು:

ವಾಂತಿಯ ಪ್ರಶ್ನೆಗೆ. ಮಯಾಮಿಯಿಂದ ಸೇಂಟ್ ಮಾರ್ಟನ್‌ಗೆ ಹೋಗುವಾಗ ಹಡಗು ವ್ಯಾಪಾರ ಮಾರುತಕ್ಕೆ ಎದುರಾಗಿ ಸಾಗುತ್ತೆ, ಚಳಿಗಾಲದಲ್ಲಿ ಆ ಗಾಳಿ ಜೋರು. ಆಗ ಹಡಗಿನ ಮೂತಿ ಏಳುತ್ತೆ, ಇಳಿಯುತ್ತೆ. ಪಕ್ಕಕ್ಕೆ ವಾಲೋದನ್ನ ತಡೆಯೋಕೆ ಸ್ಟೆಬಿಲೈಸರ್ ರೆಕ್ಕೆಗಳಿವೆ, ಈ ಏಳುಬೀಳಿಗೆ ಅವುಗಳಿಂದ ಅಷ್ಟು ಉಪಯೋಗ ಇಲ್ಲ. ಆದ್ದರಿಂದ ಮೊದಲ ಎರಡು ದಿನ ಸ್ವಲ್ಪ ಆಟ ಇರುತ್ತೆ, ವಾಪಸ್ ಬರುವಾಗ ಗಾಳಿ ಬೆನ್ನಿಗಿರೋದರಿಂದ ಮೆತ್ತಗಿರುತ್ತೆ. ಏತದ ಹಲಗೆಯ ಹಾಗೆ: ನಡುವಲ್ಲಿ ಕೂತವರಿಗೆ ಕಮ್ಮಿ, ತುದಿಯಲ್ಲಿ ಕೂತವರಿಗೆ ಹೆಚ್ಚು. ಡೆಕ್‌ನಕ್ಷೆಯವರು ಹೇಳಿದ ನಡುಭಾಗಕ್ಕೆ ಇನ್ನೊಂದು ಮಾತು ಸೇರಿಸ್ತೀನಿ, ಆದಷ್ಟು ಕೆಳಗಿನ ಡೆಕ್ ತಗೊಳ್ಳಿ. ಅಕ್ವಾಡೋಮ್‌ನಲ್ಲಿ ಕೂರೋ ಸಲಹೆ ಚೆನ್ನಾಗಿದೆ, ಆದರೆ ಅದು ಮೂತಿಯ ಮೇಲ್ತುದಿ, ಆಟ ಅಲ್ಲೇ ಜಾಸ್ತಿ. ಅಪ್ಪನವರಿಗೆ ಮೊದಲ ಎರಡು ದಿನ ಸೆಂಟ್ರಲ್ ಪಾರ್ಕ್ ಬೆಂಚೇ ಸರಿ. ಹಡಗಿನ ನಡುಭಾಗ, ಮೇಲೆ ಆಕಾಶ, ತಂಗಾಳಿ.

ಮಾತ್ರೆಯಲ್ಲಿ ಮೆಕ್ಲಿಜಿನ್ ಸಾಮಾನ್ಯ. ಮುಖ್ಯ ವಿಷಯ ಅದನ್ನ ಹೊಟ್ಟೆ ತೊಳಸೋ ಮುಂಚೆ, ಹಡಗು ಹೊರಡೋಕೆ ಒಂದು ಗಂಟೆ ಮೊದಲು ತಗೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲಲ್ಲ. ನಿದ್ದೆ ಬರಿಸುತ್ತೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇದ್ದರೆ ಆಗಲ್ಲ, ಅಪ್ಪನವರ ಡಾಕ್ಟರನ್ನ ಕೇಳದೆ ಕೊಡಬೇಡಿ. ಕಿವಿಯ ಹಿಂದೆ ಅಂಟಿಸೋ ಸ್ಕೋಪಲಮಿನ್ ಪಟ್ಟಿ ಹಿರಿಯರಲ್ಲಿ ಗಲಿಬಿಲಿ ಉಂಟುಮಾಡಬಹುದು, ಮಕ್ಕಳಿಗಂತೂ ಅದು ಬೇಡವೇ ಬೇಡ. ಖಾಲಿ ಹೊಟ್ಟೆಯಲ್ಲಿ ಮಾತ್ರ ಇರಬೇಡಿ, ಹಸಿರು ಸೇಬು, ಒಣ ಬಿಸ್ಕತ್ತು ಕೈಯಲ್ಲಿರಲಿ.

ಗಡಿಯಾರದ ವಿಷಯ. ಸೇಂಟ್ ಮಾರ್ಟನ್, ಸೇಂಟ್ ಥಾಮಸ್ ಜನವರಿಯಲ್ಲಿ ಮಯಾಮಿಗಿಂತ ಒಂದು ಗಂಟೆ ಮುಂದೆ. ಹಡಗು ಯಾವ ಸಮಯ ಇಟ್ಟುಕೊಂಡಿದೆ ಅನ್ನೋದೇ ಲೆಕ್ಕ, ಫೋನು ದಡದ ಸಮಯಕ್ಕೆ ತಾನಾಗಿ ಬದಲಾಗುತ್ತೆ. ಮುಳ್ಳಿನ ವಾಚೊಂದನ್ನ ಹಡಗಿನ ಸಮಯಕ್ಕಿಟ್ಟು ಕಟ್ಟಿಕೊಳ್ಳಿ. ಹೊರಡೋಕೆ ಅರ್ಧ ಗಂಟೆ ಮೊದಲೇ ಬಾಗಿಲು ಮುಚ್ಚುತ್ತಾರೆ. ಹಡಗಿನವರ ಪ್ರವಾಸದಲ್ಲಿ ಹೋಗಿ ತಡವಾದರೆ ಕಾಯ್ತಾರೆ. ಹೊರಗಿನ ಟ್ಯಾಕ್ಸಿಯಲ್ಲಿ ಹೋಗಿ ತಡವಾದರೆ ಕಾಯಲ್ಲ.


ಲೆಕ್ಕದಪುಸ್ತಕ:

ಖರ್ಚಿನ ಪ್ರಶ್ನೆಗೆ ಇನ್ನೂ ಯಾರೂ ಕೈ ಹಾಕಿಲ್ಲ.

ಟಿಪ್ಸ್ ಮೊದಲು. ರಾಯಲ್‌ನಲ್ಲಿ ಸಾದಾ ರೂಮಿಗೆ ತಲೆಗೆ ದಿನಕ್ಕೆ 18.50 ಡಾಲರ್ ಅಂತ ಹಿಡಿದರೆ, ಆರು ಜನ, ಏಳು ದಿನ, 777 ಡಾಲರ್. ಮಕ್ಕಳಿಗೂ ಪೂರ್ತಿ ದರ, ಅರ್ಧ ಅನ್ನೋದಿಲ್ಲ. ಮೂರನೆಯವರ ಟಿಕೆಟ್ ಅಗ್ಗ ಅಂತ ಕಂಡರೂ ಬಂದರು ತೆರಿಗೆ ಮತ್ತು ಟಿಪ್ಸ್ ಅವರಿಗೂ ಅಷ್ಟೇ. ಬಾರಿನಲ್ಲಿ ತಗೊಂಡ ಪ್ರತಿ ಪಾನೀಯದ ಮೇಲೆ ರಾಯಲ್‌ನಲ್ಲಿ ಶೇಕಡಾ 18 ಸೇರುತ್ತೆ, ಸೆಲೆಬ್ರಿಟಿಯಲ್ಲಿ 20. ಸೆಲೆಬ್ರಿಟಿಯ ಆಲ್ ಇನ್‌ಕ್ಲೂಡೆಡ್ ದರದಲ್ಲಿ ಟಿಪ್ಸ್ ಸೇರಿದೆ ಅಂತ ಹಳೆಯ ಬರಹಗಳಲ್ಲಿ ಸಿಗುತ್ತೆ. ಈಗ ಅದರಲ್ಲಿ ಇರೋದು ಪಾನೀಯದ ಪ್ಯಾಕೇಜು ಮತ್ತು ಸಾದಾ ವೈಫೈ ಮಾತ್ರ. ಎರಡು ಹಡಗಿನ ದರ ಎದುರುಬದುರು ಇಡುವಾಗ ಇದನ್ನ ಕಳೆದು ನೋಡದಿದ್ದರೆ ಐಕಾನ್ ಅಗ್ಗವಾಗಿ ಕಾಣುತ್ತೆ.

ಮದ್ಯದ ಪ್ಯಾಕೇಜಿನಲ್ಲಿ ರಾಯಲ್‌ನ ಒಂದು ನಿಯಮ ಇದೆ: ಒಂದು ರೂಮಿನಲ್ಲಿ 21 ದಾಟಿದ ಒಬ್ಬರು ತಗೊಂಡರೆ ಆ ರೂಮಿನ ಉಳಿದ ದೊಡ್ಡವರೂ ತಗೊಳ್ಳಲೇಬೇಕು. ನಿಮ್ಮಲ್ಲಿ ಒಬ್ಬರಿಗೇ ಬೇಕಾಗಿದ್ದರೆ ಬಿಡಿಬಿಡಿಯಾಗಿ ಕೊಳ್ಳೋದೇ ಲಾಭ. ನೀರು, ನಿಂಬೆ ಶರಬತ್ತು, ಸಾದಾ ಕಾಫಿ, ಟೀಗೆ ದುಡ್ಡಿಲ್ಲ. ವೈಫೈ ಸಾಧನದ ಲೆಕ್ಕ, ತಲೆಯ ಲೆಕ್ಕ ಅಲ್ಲ. ಒಂದೇ ಸಾಧನಕ್ಕೆ ಕೊಂಡು ಒಂದು ಫೋನು ಲಾಗೌಟ್ ಮಾಡಿ ಇನ್ನೊಂದರಲ್ಲಿ ಹೋಗಬಹುದು.

ಐಕಾನ್ ಮೇಲೆ ಜಾರುಬಂಡಿ, ಪೂಲು, ಫ್ಲೋರೈಡರ್, ಐಸ್ ಸ್ಕೇಟಿಂಗ್ ಶೋ, ಅಕ್ವಾಡೋಮ್ ಶೋ ಎಲ್ಲ ಟಿಕೆಟ್‌ನಲ್ಲೇ ಬಂತು. ಹಡಗಿನ ಅಂಚಿನಲ್ಲಿ ನೇತಾಡುವ ಕ್ರೌನ್ಸ್ ಎಡ್ಜ್‌ಗೆ ಬೇರೆ ದುಡ್ಡು. ಕೋಕೋಕೇಯಲ್ಲಿ ಗೊಂದಲ ಜಾಸ್ತಿ. ಮರಳು, ಕುರ್ಚಿ, ಓಯಸಿಸ್ ಲಗೂನ್ ಪೂಲು, ಚಿಲ್ ಗ್ರಿಲ್ ಊಟ ಪುಕ್ಕಟೆ. ಥ್ರಿಲ್ ವಾಟರ್‌ಪಾರ್ಕ್, ಜಿಪ್‌ಲೈನ್, ಕೋಕೋ ಬೀಚ್ ಕ್ಲಬ್, ದೊಡ್ಡವರಿಗೆ ಮಾತ್ರ ಅಂತಿರುವ ಹೈಡ್‌ಅವೇ ಬೀಚ್, ಇವಕ್ಕೆಲ್ಲ ಬೇರೆ ಟಿಕೆಟ್, ದರ ದಿನದಿನಕ್ಕೆ ಏರಿಳಿಯುತ್ತೆ. ಹಡಗಿನಲ್ಲೇ ಆರು ಜಾರುಬಂಡಿ ಇರುವಾಗ ವಾಟರ್‌ಪಾರ್ಕಿಗೆ ಎರಡನೇ ಸಲ ದುಡ್ಡು ಸುರಿಯೋದು ನನಗೆ ಸರಿ ಕಾಣಲ್ಲ. ಅದರಲ್ಲೂ ಅಲ್ಲಿನ ಸಮುದ್ರದ ನೀರೇ 23 ಡಿಗ್ರಿ ಇರುವ ತಿಂಗಳಲ್ಲಿ, ಗಾಳಿಯಲ್ಲಿ ಒದ್ದೆ ಬಟ್ಟೆಯಲ್ಲಿ ಮೆಟ್ಟಿಲು ಹತ್ತೋ ಸಾಲಿನಲ್ಲಿ ನಿಲ್ಲಬೇಕಾದಾಗ.

ಐಕಾನ್‌ನ ಶೋಗಳಿಗೆ ಹೊರಡೋ ಮುಂಚೆಯೇ ಕಂಪನಿಯ ಸೈಟಿನಲ್ಲಿ ಸೀಟು ಕಾದಿರಿಸಿ. ತೆರೆದ ದಿನವೇ ಬೇಗ ತುಂಬ್ತವೆ. ಶೋ ಶುರುವಾಗೋಕೆ ಕಾಲು ಗಂಟೆ ಮೊದಲು ಹೋಗದಿದ್ದರೆ ನಿಮ್ಮ ಸೀಟನ್ನ ಹೊರಗೆ ಕಾಯ್ತಿರೋರಿಗೆ ಬಿಟ್ಟುಬಿಡ್ತಾರೆ. ಕಾದಿರಿಸದವರೂ ಆ ಸಾಲಿನಲ್ಲಿ ನಿಂತರೆ ಬಹಳ ಸಲ ಜಾಗ ಸಿಗುತ್ತೆ.

ಠೇವಣಿ ಕಟ್ಟುವಾಗ ವಾಪಸ್ ಬರದ ದರ, ವಾಪಸ್ ಬರುವ ದರ ಅಂತ ಎರಡು ಬರುತ್ತೆ. ವಾಪಸ್ ಬರದ್ದು ಅಗ್ಗ, ಆದರೆ ಆಮೇಲೆ ಹಡಗು ಅಥವಾ ದಿನಾಂಕ ಬದಲಿಸಿದರೆ ತಲೆಗೆ 100 ಡಾಲರ್. ಆರು ಜನಕ್ಕೆ 600. ಈ ಲೆಕ್ಕಕ್ಕೇ ದಿನಾಂಕ ಗಟ್ಟಿ ಆದ ಮೇಲೆ ಕಟ್ಟಿ. ಪೂರ್ತಿ ಹಣ ಕಟ್ಟಬೇಕಾದ್ದು ಐದು ರಾತ್ರಿ ಅಥವಾ ಅದಕ್ಕಿಂತ ಉದ್ದದ ಪ್ರಯಾಣಕ್ಕೆ 90 ದಿನ ಮೊದಲು. ಅಲ್ಲಿಯವರೆಗೆ ವಾರಕ್ಕೊಮ್ಮೆ ದರ ನೋಡ್ತಾ ಇರಿ, ಅದೇ ವರ್ಗದ ರೂಮಿನ ದರ ಇಳಿದಿದ್ದರೆ ಫೋನ್ ಮಾಡಿ ಕೇಳಿ, ಹೊಸ ದರಕ್ಕೆ ಬದಲಿಸಿಕೊಡ್ತಾರೆ.

ಅಮೆರಿಕದ ಪಾಸ್‌ಪೋರ್ಟ್ ಇಲ್ಲದವರು ಗುಂಪಿನಲ್ಲಿದ್ದರೆ ಅವರ ಅಮೆರಿಕ ವೀಸಾ ಹಲವು ಸಲ ಒಳಬರುವಂಥದ್ದೇ ಆಗಿರಬೇಕು, ಹಡಗು ವಾಪಸ್ ಬಂದಾಗ ಮತ್ತೆ ಪ್ರವೇಶ ಅಂತಲೇ ಲೆಕ್ಕ. ದ್ವೀಪಗಳ ನಿಯಮವನ್ನ ಪ್ರತಿ ಪಾಸ್‌ಪೋರ್ಟಿಗೂ ಬೇರೆ ಬೇರೆಯಾಗಿ ಕಂಪನಿಯಿಂದ ಕೇಳಿ, ಉತ್ತರವನ್ನ ಬರಹದಲ್ಲಿ ತಗೊಳ್ಳಿ. ಹಿರಿಯರಿಗೆ ವಿಮೆ ಮಾಡಿಸುವಾಗ ಆಸ್ಪತ್ರೆ ಮೊತ್ತಕ್ಕಿಂತ ಮೊದಲು ನೋಡಬೇಕಾದ್ದು ವೈದ್ಯಕೀಯ ಸ್ಥಳಾಂತರದ ಮಿತಿ. ದ್ವೀಪದಿಂದ ವಿಮಾನದಲ್ಲಿ ಸಾಗಿಸಬೇಕಾಗಿ ಬಂದರೆ ದೊಡ್ಡ ಮೊತ್ತ ಹೋಗೋದು ಅದಕ್ಕೇ.


ಸಂಜೆಬಿಸಿಲು:

ಸರಿ, ಟೆಂಡರ್ ಕಾರಣಕ್ಕೆ ನಾನೂ ಒಪ್ಪಿದೆ. ಐಕಾನ್ ಅಂತಾದರೆ ಎರಡು ಕೆಲಸ ಇವತ್ತೇ ಮಾಡಿ. ಒಂದು, ಹಡಗಿನ ಗಾಲಿಕುರ್ಚಿಗಳು ಹತ್ತೋದಕ್ಕೆ, ಇಳಿಯೋದಕ್ಕೆ ಮಾತ್ರ, ವಾರಪೂರ್ತಿ ಕೊಡಲ್ಲ. ಮಡಚುವ ಕುರ್ಚಿ ಮನೆಯಿಂದ ಒಯ್ಯಿರಿ, ಇಲ್ಲ ರೂಮಿಗೇ ತಂದಿಡುವ ಬಾಡಿಗೆ ಕಂಪನಿಗೆ ಬುಕ್ ಮಾಡಿ. ಸಾದಾ ರೂಮಿನ ಬಾಗಿಲು ಕಿರಿದು, ಕುರ್ಚಿಯ ಅಗಲ ಅಳೆದು ತಗೊಳ್ಳಿ. ಎರಡು, ಸನ್‌ಸ್ಕ್ರೀನ್. ಸೇಂಟ್ ಥಾಮಸ್ ಸೇರಿರುವ ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಕ್ರೀಮುಗಳಿಗೆ 2020ರಿಂದ ನಿಷೇಧ ಇದೆ, ಹವಳಕ್ಕೆ ಹಾನಿ ಅಂತ. ಜಿಂಕ್ ಆಕ್ಸೈಡ್‌ನದ್ದು ತಗೊಳ್ಳಿ.

ಊಟದಲ್ಲಿ ಮೊಟ್ಟೆ ಬೇಡ, ಮಾಂಸ ಬೇಡ ಅನ್ನೋದಿದ್ದರೆ ಬುಕಿಂಗ್‌ನಲ್ಲಿ ಬರೆಯಿರಿ. ಅಷ್ಟಕ್ಕೇ ನಿಲ್ಲಿಸದೆ ಮೊದಲ ರಾತ್ರಿ ಮುಖ್ಯ ಊಟದ ಮನೆಯ ಹೆಡ್ ವೇಟರ್‌ಗೂ ಹೇಳಿ. ಮರುದಿನದ ಮೆನು ಹಿಂದಿನ ರಾತ್ರಿಯೇ ತಂದು ತೋರಿಸ್ತಾರೆ, ನಿಮ್ಮದನ್ನ ಬೇರೆ ಮಾಡಿಡ್ತಾರೆ. ರಾತ್ರಿ ಒಂದೇ ಹೊತ್ತಿಗೆ, ಒಂದೇ ಮೇಜಿಗೆ ಹೋಗುವ ವ್ಯವಸ್ಥೆ ಆರಿಸಿಕೊಂಡರೆ ವೇಟರ್ ವಾರವಿಡೀ ಅವರೇ ಇರ್ತಾರೆ, ಪ್ರತಿ ರಾತ್ರಿ ಹೊಸದಾಗಿ ವಿವರಿಸಬೇಕಾಗಿಲ್ಲ.


ಉಪ್ಪುಗಾಳಿ:

ಚಿಕ್ಕವಳ ಎತ್ತರ ಈಗಷ್ಟೇ ಅಳೆದದ್ದು, 47 ಇಂಚು. ಜನವರಿಯ ಐಕಾನ್, ನಡುಭಾಗ, ಕನೆಕ್ಟಿಂಗ್ ಎರಡು ರೂಮು, ಮೇಲೂ ಕೆಳಗೂ ರೂಮುಗಳೇ ಇರುವ ಡೆಕ್ಕು. ನಾಳೆ ಬೆಳಗ್ಗೆ ಫೋನ್ ಮಾಡಿ ವಾಪಸ್ ಬರುವ ಠೇವಣಿಯಲ್ಲೇ ಹಿಡಿದಿಡ್ತೀವಿ. ವೀಸಾ ಉತ್ತರ ಬರಹದಲ್ಲಿ ಕೈಗೆ ಬಂದ ಮೇಲೆ ವಿಮಾನದ ಟಿಕೆಟ್.


ಲಂಗರು:

ವಿಮಾನದ ಟಿಕೆಟ್ ಹಡಗು ಹೊರಡೋ ಹಿಂದಿನ ದಿನಕ್ಕೆ ತಗೊಳ್ಳಿ, ಜನವರಿಯಲ್ಲಿ ಉತ್ತರದ ಹಿಮಕ್ಕೆ ವಿಮಾನ ರದ್ದಾಗೋದು ಮಾಮೂಲು. ವಾಪಸ್ ಬರೋ ದಿನ ಮಧ್ಯಾಹ್ನ 12ಕ್ಕಿಂತ ಮುಂಚಿನದು ಬೇಡ. ಗಾಲಿಕುರ್ಚಿ ಸಹಾಯ ಕೇಳಿದವರನ್ನ ಇಳಿಸೋಕೆ ಅವರದೇ ಬೇರೆ ಸರದಿ ಇರುತ್ತೆ. 47 ಇಂಚಿಗೆ 48ರ ಮಿತಿಯ ಜಾರುಬಂಡಿಗಳು ಸಿಗಲ್ಲ, ಉಳಿದವು ಸಿಗ್ತವೆ. ಅದನ್ನ ಮಗುವಿಗೆ ಈಗಲೇ ಹೇಳಿಬಿಡಿ.